ನಿಂತ ಕಾರಿನ ಖರ್ಚು

2025ರ ಆಗಸ್ಟ್‌ನಲ್ಲಿ ನಮ್ಮ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಕಾರು ಒಯ್ಯುವುದನ್ನು ಬಿಟ್ಟೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಳೆದ ಆಯುಷ್ಯವನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಕಾರು ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತಿರುತ್ತದೆ. ಮದುವೆಗೋ ತುಮಕೂರಿನ ಅಕ್ಕನ ಮನೆಗೋ ಹೊರಟರೆ ಮಾತ್ರ ಹೊರಗೆ ಬರುತ್ತದೆ.

ನಾನು ಲೆಕ್ಕಪತ್ರ ವಿಭಾಗದವಳು. ಓಡದ ಕಾರು ಸುಮ್ಮನೆ ನಿಂತೇ ಖರ್ಚು ಮಾಡುತ್ತದೆ ಎಂದರೆ ಎಷ್ಟು, ಯಾವುದಕ್ಕೆ ಎಂದು ತಿಳಿಯುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಬೀಗ ಹಾಕಿದ ಮೇಲೂ ರಿಮೋಟ್ ಕೀಲಿಗೆ ಕಿವಿಗೊಟ್ಟ ರಿಸೀವರ್, ಅಲಾರಂ, ಮೊಬೈಲ್ ಆ್ಯಪ್‌ಗೆ ಸುದ್ದಿ ಕಳಿಸುವ ಸಿಮ್, ಗಡಿಯಾರ ಎಲ್ಲವೂ ಬ್ಯಾಟರಿಯಿಂದಲೇ ಉಣ್ಣುತ್ತವೆ. ಒಳಗಿನ ಪುಟ್ಟ ಕಂಪ್ಯೂಟರುಗಳು ಪೂರ್ತಿ ಮಲಗಲು ಹಲವು ಕಾರುಗಳಲ್ಲಿ ಅರ್ಧ ಗಂಟೆಯಾದರೂ ಬೇಕು. ಮಲಗಿದ ಮೇಲೆ 20ರಿಂದ 50 ಮಿಲಿ ಆಂಪಿಯರ್ ಹರಿದರೆ ಅದು ಸಹಜ ಖರ್ಚು. ಬ್ಯಾಟರಿ ಅಂಗಡಿಯವರು ಮೀಟರ್ ಇಟ್ಟು ನೋಡಿದಾಗ ನಮ್ಮದು 30ರ ಆಸುಪಾಸಿನಲ್ಲಿತ್ತು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್. ಆ ಲೆಕ್ಕದಲ್ಲಿ ನಮ್ಮ ಖರ್ಚು ವಾರಕ್ಕೆ ಸುಮಾರು 5 ಆಂಪಿಯರ್-ಅವರ್, ತಿಂಗಳಿಗೆ 21ಕ್ಕಿಂತ ಹೆಚ್ಚು. ನಮ್ಮ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 45. ಬ್ಯಾಟರಿ ತಾನಾಗಿ ಸೋರಿಕೊಳ್ಳುವುದು ಬೇರೆ. ಬೇಸಿಗೆಯ ಸೆಕೆಯಲ್ಲಿ ಆ ಸೋರಿಕೆ ಇನ್ನೂ ಜೋರು.

ಕಾರು ನಿಂತಾಗಲೂ ಕಾವಲು ಕಾಯುವ ಡ್ಯಾಶ್‌ಕ್ಯಾಮ್ ಇದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಮೂರು ವ್ಯಾಟ್ ತಿನ್ನುವ ಕ್ಯಾಮೆರಾ ದಿನಕ್ಕೆ 6 ಆಂಪಿಯರ್-ಅವರ್ ನುಂಗುತ್ತದೆ. ಒಂದು ವಾರದಲ್ಲಿ ಕಾರು ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ನಮ್ಮ ಕಟ್ಟಡದಲ್ಲಿ ಒಬ್ಬರು ಕ್ಯಾಮೆರಾವನ್ನು ಹಾಗೆಯೇ ಬಿಟ್ಟು, ಫಾಸ್ಟ್ಯಾಗ್‌ನ ಮೇಲೆ ಅನುಮಾನಪಟ್ಟು ಅದನ್ನು ಕಿತ್ತು ಹಾಕಿದರು! ಫಾಸ್ಟ್ಯಾಗ್ ಬರಿಯ ಚೀಟಿ. ಟೋಲ್‌ನ ಯಂತ್ರ ಕಳಿಸುವ ರೇಡಿಯೊ ಅಲೆಯಿಂದಲೇ ಅದಕ್ಕೆ ಜೀವ ಬರುತ್ತದೆ, ಕಾರಿನ ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿಗೆ ಇಳಿದರೆ ಮೂರು ನಾಲ್ಕು ಕಾರುಗಳು ನಿಂತಲ್ಲೇ ಗುರ್ ಎನ್ನುತ್ತಿರುತ್ತವೆ. ‘ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ, ಮೇಡಂ, ಬ್ಯಾಟರಿ ತುಂಬುತ್ತದೆ’ ಎಂದು ಮೇಲಿನ ಮನೆಯ ರಾಯರು ನನಗೂ ಹೇಳಿದ್ದಾರೆ. ಹಿರಿಯರು, ಎದುರು ಮಾತನಾಡಲಿಲ್ಲ. ಆದರೆ ಲೆಕ್ಕ ಒಪ್ಪುವುದಿಲ್ಲ. ನಿಂತಲ್ಲೇ ಸ್ಟಾರ್ಟ್ ಮಾಡಿಟ್ಟ ಕಾರಿನಲ್ಲಿ ಇಂಜಿನ್ನಿನ ಬಲದಿಂದ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಬ್ಯಾಟರಿಗೆ ಉದಾರವಾಗಿ 10 ಆಂಪಿಯರ್ ಕೊಟ್ಟಿತು ಎಂದೇ ಹಿಡಿಯಿರಿ. ಹತ್ತು ನಿಮಿಷಕ್ಕೆ 1.7 ಆಂಪಿಯರ್-ಅವರ್ ಜಮಾ. ವಾರದ ಖರ್ಚು 5. ಮೇಲಾಗಿ ಇಂಜಿನ್ ಸರಿಯಾಗಿ ಬಿಸಿಯೇರದೆ ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ, ಬೇಸ್‌ಮೆಂಟಿನಲ್ಲಿ ಹೊಗೆ ತುಂಬುತ್ತದೆ. ಅರ್ಧ ಖಾಲಿಯಾಗಿಯೇ ಬಹಳ ಕಾಲ ಉಳಿದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಸಾಮರ್ಥ್ಯ ಬಾರದು.

ಓಡಿಸುವುದಾದರೆ ನೈಸ್ ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಮುಕ್ಕಾಲು ಗಂಟೆ ಓಡಿಸಬೇಕು. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಮೈನಸ್ ಟರ್ಮಿನಲ್ ಬಿಚ್ಚಿಡುವುದು ಅಗ್ಗದ ದಾರಿ. ನಮ್ಮ ಕಾರಿಗೆ ಹತ್ತನೇ ನಂಬರಿನ ಸ್ಪ್ಯಾನರ್ ಸಾಕು. ಮತ್ತೆ ಜೋಡಿಸಿದಾಗ ಗಡಿಯಾರ ತಿದ್ದಬೇಕು, ಒಂದೇ ಒತ್ತಿಗೆ ಏರುವ ಕಿಟಕಿಗೆ ಹೊಸದಾಗಿ ಪಾಠ ಹೇಳಬೇಕು. ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಅಲಾರಮ್ಮೂ ಇರುವುದಿಲ್ಲ. ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದಲೇ ಬೀಗ ಹಾಕಬೇಕು. ಬ್ಯಾಟರಿ ಡಿಕ್ಕಿಯಲ್ಲಿರುವ ಕಾರುಗಳಲ್ಲಿ ಈ ಕೆಲಸಕ್ಕೆ ಮೊದಲು ಕೈಪಿಡಿ ಓದುವುದು ಒಳ್ಳೆಯದು.

ನನಗೆ ಒಪ್ಪಿಗೆಯಾದದ್ದು ಮಾತ್ರ ಸ್ಮಾರ್ಟ್ ಚಾರ್ಜರ್. ಬ್ಯಾಟರಿ ತುಂಬಿದೊಡನೆ ತಾನೇ ತಗ್ಗಿ, ಬೇಕಾದಷ್ಟನ್ನೇ ಕೊಡುತ್ತಾ ಇರುತ್ತದೆ. ಸಿಗ್ನಲ್‌ನಲ್ಲಿ ತಾನಾಗಿ ಇಂಜಿನ್ ಆರಿಸುವ ಕಾರುಗಳಲ್ಲಿ ಸಾಮಾನ್ಯವಾಗಿ ಮೈನಸ್ ಟರ್ಮಿನಲ್ಲಿಗೇ ಸೆನ್ಸರ್ ಅಂಟಿರುತ್ತದೆ. ಅಂಥವಕ್ಕೆ ಕಪ್ಪು ಕ್ಲಿಪ್ಪನ್ನು ಟರ್ಮಿನಲ್ಲಿಗೆ ಹಾಕದೆ ಬಾಡಿಯ ಲೋಹಕ್ಕೆ ಹಾಕಬೇಕು, ಇಲ್ಲದಿದ್ದರೆ ಎಷ್ಟು ತುಂಬಿತೆಂದು ಕಾರಿಗೆ ತಿಳಿಯುವುದಿಲ್ಲ. ತುಂಬಿದ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿಯ ಬಳಿಕ 12.6 ವೋಲ್ಟ್‌ಗಿಂತ ಮೇಲೆ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ.

ತೊಂದರೆ ಇರುವುದು ಪ್ಲಗ್ ಪಾಯಿಂಟಿನದು. ಬೇಸ್‌ಮೆಂಟಿನಲ್ಲಿ ಅದಿಲ್ಲ. ಸಂಘದ ಸಭೆಯಲ್ಲಿ ಕೇಳಿದೆ. ಚಾರ್ಜರಿನ ಸ್ವಂತ ಬಳಕೆಯನ್ನು ಸೇರಿಸಿದರೂ ತಿಂಗಳಿಗೆ ಎರಡು ಮೂರು ಯೂನಿಟ್ ಆದೀತು, ಹಣ ಮುಂಗಡವಾಗಿಯೇ ಕಟ್ಟುತ್ತೇನೆ ಎಂದೆ. ಪ್ರತ್ಯೇಕ ಮೀಟರ್ ಬೇಕು, ಅದಕ್ಕೆ ಮೂರು ಕೊಟೇಶನ್ ಬೇಕು ಎಂದು ಕಾರ್ಯದರ್ಶಿಗಳು ಬರೆದುಕೊಂಡರು. ಕೊಟೇಶನ್ ಬರುವವರೆಗೆ ಸ್ಪ್ಯಾನರ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿರುತ್ತದೆ.