ಬಾಯಿಪಾಠ ಮುಗಿದ ಮೇಲಿನ ಪ್ರಶ್ನೆ

ಹತ್ತನೇ ಕ್ಲಾಸಿಗೆ "ಮುಂದಿನ ವಾರ ಇತಿಹಾಸದ ಓರಲ್ ಟೆಸ್ಟ್" ಅಂದ ಕೂಡಲೇ ಚೆನ್ನಾಗಿ ಬರೆಯುವ ಮಕ್ಕಳ ಮುಖ ಬಾಡುತ್ತದೆ. ಹಿಂದಿನ ಬೆಂಚಿನ ಮಾತಿನ ಮಲ್ಲರು ಕಾಲರ್ ಸರಿ ಮಾಡಿಕೊಳ್ಳುತ್ತಾರೆ. ವರ್ಷಾ ವರ್ಷ ಇದೇ ಕಥೆ. ನಾನು ಚಿತ್ರದುರ್ಗದಿಂದ ದಿನಾ ಬಸ್ಸಲ್ಲಿ ಹೋಗಿ ಬಂದು ಮಾಡುವ ಟೀಚರ್. ಹಳ್ಳಿಯ ಸರ್ಕಾರಿ ಹೈಸ್ಕೂಲು, ಸಮಾಜ ವಿಜ್ಞಾನ. ಮಕ್ಕಳ ಮನೆಗಳಲ್ಲಿ ಶೇಂಗಾ, ಈರುಳ್ಳಿ, ಕುರಿ. ಮಾತಿಗೇನೂ ಬರ ಇಲ್ಲ. ಬಸ್ ಸ್ಟಾಪಿನಲ್ಲಿ ನಿಂತು ಕ್ರಿಕೆಟ್ ಬಗ್ಗೆ ಅರ್ಧ ಗಂಟೆ ವಾದ ಮಾಡುವ ಹುಡುಗ ನನ್ನ ಟೇಬಲ್ ಎದುರು ಬಂದಾಗ ಮಾತ್ರ ಗಂಟಲು ಒಣಗಿಸಿಕೊಂಡು ನಿಲ್ಲುತ್ತಾನೆ.

ಎಸ್ಸೆಸ್ಸೆಲ್ಸಿಯಲ್ಲಿ 100ಕ್ಕೆ 80 ಅಂಕ ಬರೆಯುವ ಪರೀಕ್ಷೆಗೆ, 20 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಅದರಲ್ಲಿ ಬಾಯಲ್ಲಿ ಕೇಳುವುದಕ್ಕೆ ಸಿಗುವ ಜಾಗ ಸಣ್ಣದು. ಸುಮ್ನೆ ನಾಲ್ಕು ಪ್ರಶ್ನೆ ಕೇಳಿ, ಕಾಲಂ ತುಂಬಿಸಿ ಕೈ ತೊಳೆದುಕೊಳ್ಳಬಹುದು. ನನಗೆ ಅದು ಒಗ್ಗುವುದಿಲ್ಲ. ಇತಿಹಾಸ ಮಗುವಿಗೆ ಎಷ್ಟು ಗೊತ್ತಾಗಿದೆ ಅನ್ನೋದು ನನಗೆ ತಿಳಿಯುವುದೇ ಆ ಐದು ನಿಮಿಷದಲ್ಲಿ. ಉತ್ತರ ಪತ್ರಿಕೆಯಲ್ಲಿ ಕಾಣುವುದು ಗೈಡು ಎಷ್ಟು ನೆನಪಿದೆ ಅನ್ನೋದು, ಅಷ್ಟೇ.

ಮೊದಲ ದಿನ ನಾನು ಮಾಡುವ ಕೆಲಸ ಒಂದೇ. ಮಧ್ಯದಲ್ಲಿ ತಡೆಯುವುದು.

"ಸಹಾಯಕ ಸೈನ್ಯ ಪದ್ಧತಿ ಅಂದರೇನು?" ಅಂತ ಕೇಳುತ್ತೇನೆ. ಹುಡುಗಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಶುರು ಮಾಡುತ್ತಾಳೆ. "1798ರಲ್ಲಿ ಲಾರ್ಡ್ ವೆಲ್ಲೆಸ್ಲಿಯು ಜಾರಿಗೆ ತಂದ ಈ ಪದ್ಧತಿಯ ಪ್ರಕಾರ ಭಾರತೀಯ ರಾಜನು ಬ್ರಿಟಿಷ್ ಸೈನ್ಯದ ತುಕಡಿಯೊಂದನ್ನು ತನ್ನ ರಾಜ್ಯದಲ್ಲಿ..." ಅನ್ನುವಷ್ಟರಲ್ಲಿ ನಾನು, "ಆ ಸೈನ್ಯಕ್ಕೆ ಸಂಬಳ ಯಾರು ಕೊಡಬೇಕಮ್ಮ?" ಅನ್ನುತ್ತೇನೆ. ಅವಳು ಕಣ್ಣು ಬಿಡುತ್ತಾಳೆ. ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ. ಆಮೇಲೆ ಮತ್ತೆ ಮೊದಲಿಂದ, "1798ರಲ್ಲಿ ಲಾರ್ಡ್ ವೆಲ್ಲೆಸ್ಲಿಯು..." ಉತ್ತರ ಅವಳ ಹತ್ತಿರವೇ ಇದೆ. ಮೂರನೇ ಸಾಲಿನಲ್ಲಿ ಇದೆ. ಆದರೆ ಮೊದಲೆರಡು ಸಾಲು ಹೇಳದೆ ಮೂರನೆಯದಕ್ಕೆ ಹೋಗುವ ದಾರಿ ಅವಳಿಗಿಲ್ಲ.

ಹಾಗಾಗಿ ನಮ್ಮ ತಯಾರಿಯೆಲ್ಲ ಎರಡನೇ ಪ್ರಶ್ನೆಗೆ. ಮೊದಲನೇ ಪ್ರಶ್ನೆಯ ಉತ್ತರ ಎಲ್ಲರಿಗೂ ಬರುತ್ತದೆ. ಅದಾದ ಮೇಲೆ ಟೀಚರ್ ಏನು ಕೇಳಬಹುದು ಅಂತ ಮಕ್ಕಳೇ ಊಹಿಸಬೇಕು. ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸುತ್ತೇನೆ. ಒಬ್ಬರು ಹೇಳಬೇಕು, ಇನ್ನೊಬ್ಬರು ತಡೆದು ಕೇಳಬೇಕು. ಕೇಳುವವರಿಗೇ ಜಾಸ್ತಿ ಕಷ್ಟ ಅನ್ನೋದು ಸ್ವಲ್ಪ ಹೊತ್ತಿನಲ್ಲಿ ಅವರಿಗೇ ಗೊತ್ತಾಗುತ್ತದೆ. ಪಾಠ ಅರ್ಥ ಆಗದಿದ್ದರೆ ಪ್ರಶ್ನೆಯೂ ಹುಟ್ಟುವುದಿಲ್ಲ, ಅಲ್ವಾ?

ಅದೇ ಸಹಾಯಕ ಸೈನ್ಯವನ್ನು ಒಬ್ಬ ಹುಡುಗ ಹೇಳಿದ್ದು ನನಗೆ ಈಗಲೂ ಇಷ್ಟ. "ಮಿಸ್, ಸೈನ್ಯ ಕಂಪನೀದು, ಖರ್ಚು ರಾಜಂದು. ದುಡ್ಡು ಕಟ್ಟಕ್ಕಾಗ್ಲಿಲ್ಲ ಅಂದ್ರೆ ಊರು ಬರ್ಕೊಡ್ಬೇಕು. ಸಾಲ ಕೊಟ್ಟೋನು ಹೊಲ ಬರೆಸ್ಕೊಂಡಂಗೆ." ಗೈಡಿನ ಒಂದು ಪದವೂ ಇಲ್ಲ. ರಾಜನ ಆಸ್ಥಾನದಲ್ಲಿ ಕೂರುವ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್, ಅದನ್ನು ಬಿಟ್ಟಿದ್ದ, ಕಂಪನಿಯ ಒಪ್ಪಿಗೆ ಇಲ್ಲದೆ ಬೇರೆ ಯುರೋಪಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನೋದನ್ನೂ ಬಿಟ್ಟಿದ್ದ. ಕೇಳಿದ ಮೇಲೆ ಎರಡನ್ನೂ ಹೇಳಿದ. ಪೂರ್ತಿ ಅಂಕ ಕೊಟ್ಟೆ. ಭಾಷೆ ನಮ್ಮ ದುರ್ಗದ ಕಡೆಯದು ಅಂತ ಅಂಕ ಕಡಿಮೆ ಮಾಡುವವರನ್ನು ನೋಡಿದ್ದೇನೆ. ಅದು ನ್ಯಾಯ ಅಲ್ಲ. ಅಲ್ಲಿ ಪರೀಕ್ಷೆ ಮಾಡುತ್ತಿರುವುದು ಇತಿಹಾಸವನ್ನು, ವ್ಯಾಕರಣವನ್ನಲ್ಲ.

ಇಸವಿಗಳ ಭಯ ಬೇರೆ ಇದೆ. ನಾಲ್ಕು ಮೈಸೂರು ಯುದ್ಧ, ಮೂರು ಕರ್ನಾಟಿಕ್ ಯುದ್ಧ, ಪ್ಲಾಸಿ, ಬಕ್ಸಾರ್ ಎಲ್ಲ ಸೇರಿ ತಲೆ ಕಲಸಿಹೋಗಿರುತ್ತದೆ. ನಾನು ಓರಲ್‌ನಲ್ಲಿ "ಯಾವಾಗ?" ಅಂತ ಕೇಳುವುದು ಕಡಿಮೆ. "ಅದಕ್ಕಿಂತ ಮುಂಚೇನಾ, ಆಮೇಲಾ?" ಅಂತ ಕೇಳುತ್ತೇನೆ. ಹಿಡಿದುಕೊಳ್ಳೋಕೆ ನಮ್ಮ ಮಕ್ಕಳಿಗೆ ಮನೆಯ ಹತ್ತಿರದ್ದೇ ಒಂದು ಇಸವಿ ಇದೆ. ಹೈದರಾಲಿ ದುರ್ಗದ ಕೋಟೆ ಹಿಡಿದು ಕೊನೆಯ ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು 1779. ಮೊದಲನೇ ಆಂಗ್ಲೋ-ಮೈಸೂರು ಯುದ್ಧ ಮುಗಿದದ್ದು 1769ರಲ್ಲಿ, ಎರಡನೆಯದು ಶುರುವಾದದ್ದು 1780ರಲ್ಲಿ. ಅಂದರೆ ದುರ್ಗ ಬಿದ್ದ ಮರುವರ್ಷವೇ ಎರಡನೇ ಯುದ್ಧ. ಆ ಯುದ್ಧ ನಡೆಯುತ್ತಿರುವಾಗಲೇ, 1782ರಲ್ಲಿ, ಹೈದರ್ ತೀರಿಕೊಂಡ. 1784ರಲ್ಲಿ ಮಂಗಳೂರು ಒಪ್ಪಂದ ಮಾಡಿಕೊಂಡದ್ದು ಮಗ ಟಿಪ್ಪು. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ ಒಂದು ಇಸವಿ ಮರೆತರೂ ಪಕ್ಕದ್ದನ್ನು ಹಿಡಿದು ಬರಬಹುದು.

"ಇಸವಿ ನೆನಪಿಲ್ಲ ಮಿಸ್, ಆದ್ರೆ ಪ್ಲಾಸಿ ಆದ್ಮೇಲೆ, ದಿವಾನಿ ಹಕ್ಕು ಸಿಗೋಕ್ಕಿಂತ ಮುಂಚೆ" ಅಂತ ಬಕ್ಸಾರ್ ಬಗ್ಗೆ ಯಾರಾದರೂ ಹೇಳಿದರೆ ನನ್ನ ಲೆಕ್ಕದಲ್ಲಿ ಅದು ಸರಿ ಉತ್ತರವೇ. ಪ್ಲಾಸಿ ನಡೆದ 1757, ಕಂಪನಿಗೆ ದಿವಾನಿ, ಅಂದರೆ ಬಂಗಾಳದ ಕಂದಾಯ ವಸೂಲಿ ಹಕ್ಕು ಸಿಕ್ಕ 1765, ಇವೆರಡರ ನಡುವೆ ಅಂತ ಅವರಿಗೆ ಗೊತ್ತಿದೆ. 1764 ಅನ್ನೋದು ನಾಳೆ ಬರುತ್ತದೆ.

ಕೆಲವು ಕಡೆ ಬೇಕಂತಲೇ ಮಕ್ಕಳನ್ನು ಸಿಕ್ಕಿಸುತ್ತೇನೆ. ಧೋಂಡಿಯ ವಾಘ್ ಪಾಠ ಬಂದಾಗ ಪ್ರತಿ ಸಲ. ಅವನು ಚನ್ನಗಿರಿಯವನು, ಅಂದರೆ ಈಗಿನ ದಾವಣಗೆರೆ ಜಿಲ್ಲೆಯವನು. 1997ರವರೆಗೆ ದಾವಣಗೆರೆಯೂ ನಮ್ಮ ಜಿಲ್ಲೆಯೇ ಆಗಿತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ, ಅದಿರಲಿ. ಟಿಪ್ಪು ಅವನನ್ನು ಸೆರೆಯಲ್ಲಿ ಇಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಗೆ ಬಂದು ಸೈನ್ಯ ಕಟ್ಟಿದ. 1800ರಲ್ಲಿ ವೆಲ್ಲೆಸ್ಲಿಯ ಸೈನ್ಯ ಅವನನ್ನು ಬೆನ್ನಟ್ಟಿ ಕೊಂದಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಗ ನನ್ನ ಪ್ರಶ್ನೆ: "ಯಾವ ವೆಲ್ಲೆಸ್ಲಿ? ಸಹಾಯಕ ಸೈನ್ಯದ ವೆಲ್ಲೆಸ್ಲಿನಾ?" ಹತ್ತರಲ್ಲಿ ಎಂಟು ಮಂದಿ ಹೌದು ಅಂತ ತಲೆ ಆಡಿಸುತ್ತಾರೆ. ಅಲ್ಲ. ಗವರ್ನರ್ ಜನರಲ್ ಆಗಿದ್ದವನು ಅಣ್ಣ ರಿಚರ್ಡ್. ಕುದುರೆ ಹತ್ತಿ ಧೋಂಡಿಯನ ಹಿಂದೆ ಬಿದ್ದವನು ತಮ್ಮ ಆರ್ಥರ್. ಅದೇ ತಮ್ಮ ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವರಲ್ಲಿ ಒಬ್ಬ. ಚನ್ನಗಿರಿಯ ಮನುಷ್ಯನ ಜೊತೆ ಕಾದಾಡಿದವನು ನೆಪೋಲಿಯನ್ ಜೊತೆಗೂ ಕಾದಾಡಿದ ಅಂದಾಗ ಕ್ಲಾಸಿನಲ್ಲಿ ಏಳುವ ಗದ್ದಲ ನೋಡಬೇಕು ನೀವು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ "ನಿನಗೆ ಹೇಗೆ ಗೊತ್ತು?" ಅನ್ನೋದು.

ದುರ್ಗದ ಮಕ್ಕಳಿಗೆ ಒನಕೆ ಓಬವ್ವನ ಕಥೆ ಹೇಳು ಅಂದರೆ ತಡೆಯುವವರಿಲ್ಲ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಬಂದದ್ದು, ಅವಳು ನೀರಿಗೆ ಹೋದದ್ದು, ಕಿಂಡಿಯಲ್ಲಿ ತಲೆ ಕಂಡದ್ದು, ಒನಕೆ ಎತ್ತಿದ್ದು, ಎಲ್ಲ ಕೈ ಆಡಿಸಿಕೊಂಡು ಹೇಳುತ್ತಾರೆ. ಗಂಟಲು ಒಣಗುವ ಹುಡುಗನೂ ಅಲ್ಲಿ ಹುಲಿ. ಕಥೆ ಮುಗಿದ ಮೇಲೆ ಕೇಳುತ್ತೇನೆ, "ಇದು ನಮಗೆ ಹೇಗೆ ಗೊತ್ತಾಯ್ತು?" ಎಲ್ಲರೂ ಸುಮ್ಮನಾಗುತ್ತಾರೆ. ಒಬ್ಬಳು ಮೆಲ್ಲಗೆ, "ನಮ್ಮಜ್ಜಿ ಹೇಳಿದ್ದು ಮಿಸ್" ಅನ್ನುತ್ತಾಳೆ. ಅದು ಒಳ್ಳೆಯ ಉತ್ತರ. ನಾಚಿಕೊಂಡು ಹೇಳಬೇಕಾದ್ದೇನಿಲ್ಲ. ಓಬವ್ವ ನಮಗೆ ಉಳಿದು ಬಂದಿರುವುದು ಜನರ ಬಾಯಲ್ಲಿ. ಕಿಂಡಿ ಕಣ್ಣೆದುರಿಗಿದೆ, ಹೈದರ್ ಮುತ್ತಿಗೆ ಹಾಕಿದ್ದಕ್ಕೆ ಬೇರೆ ದಾಖಲೆಗಳಿವೆ. ಬಾಯಿಂದ ಬಾಯಿಗೆ ಬಂದದ್ದು, ಕಲ್ಲಿನಲ್ಲಿ ಬರೆದದ್ದು, ಕಾಗದದಲ್ಲಿ ಇರುವುದು, ಈ ಮೂರನ್ನೂ ಬೇರೆ ಬೇರೆ ಮಾಡಿ ಹೇಳೋಕೆ ಬಂದರೆ ನನಗೆ ಅಷ್ಟು ಸಾಕು. ಒಬ್ಬರು ಪೋಷಕರು ಗೇಟಿನ ಹತ್ತಿರ ನಿಲ್ಲಿಸಿ, "ಏನ್ ಮೇಡಂ, ಓಬವ್ವ ಸುಳ್ಳು ಅಂತೀರಂತೆ?" ಅಂತ ಕೇಳಿದರು. ಹಾಗಲ್ಲ ಅಂತ ಬಿಡಿಸಿ ಹೇಳಿದೆ. ಕೇಳಿಕೊಂಡು ಹೋದರು, ಒಪ್ಪಿದರೋ ಇಲ್ಲವೋ.

ಕಲ್ಲಿನಲ್ಲಿ ಬರೆದದ್ದಕ್ಕೆ ನಾವು ದೂರ ಹೋಗಬೇಕಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅದರ ಮೊದಲಲ್ಲೇ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿದ್ದಾರೆ, ಆಮೇಲೆ ಆಜ್ಞೆ. ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿ ಇದ್ದದ್ದು ದೂರದ ವಾಯವ್ಯದ ಗಾಂಧಾರದ ಕಡೆ. "ಹಂಗಾದ್ರೆ ಅವ್ನು ಆ ಕಡೆಯೋನಾ ಮಿಸ್?" ಅಂತ ಮಕ್ಕಳೇ ಕೇಳುತ್ತಾರೆ. ಇರಬಹುದು, ಅಥವಾ ಆ ಲಿಪಿ ಕಲಿತವನೂ ಇರಬಹುದು. ಎರಡನ್ನೂ ಹೇಳಿ, ಯಾಕೆ ಅಂತ ಹೇಳಿ, ಅನ್ನುತ್ತೇನೆ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ ವಿಷಯದಲ್ಲಿ ಇದಕ್ಕಿಂತ ಚೆನ್ನಾಗಿ ನಡೆಯಿತು. ಅಲ್ಲಿ ಅಗೆದಾಗ ಶಾತವಾಹನರ ನಾಣ್ಯದ ಜೊತೆ ರೋಮಿನ ಅಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿದರು. "ರೋಮಿನ ನಾಣ್ಯ ನಮ್ಮೂರಿಗೆ ಹೇಗೆ ಬಂತು?" ಅಂದೆ. ಒಬ್ಬ ಎದ್ದು, "ರೋಮಿನೋರು ಇಲ್ಲಿಗೆ ಬಂದಿದ್ರು ಮಿಸ್" ಅಂದ. ಅವನ ಜೋಡಿಯವನು ತಕ್ಷಣ ತಡೆದ. ಅವನ ಅಪ್ಪ ಕುರಿ ವ್ಯಾಪಾರ ಮಾಡುತ್ತಾರೆ. "ಯಾಕೋ ಬರ್ಬೇಕು? ನಮ್ಮಪ್ಪನ ಜೇಬಲ್ಲಿರೋ ನೋಟು ಎಲ್ಲೆಲ್ಲಿ ತಿರುಗಿ ಬಂದಿರುತ್ತೋ. ಬಾಂಬೆಯೋರು ನಮ್ಮನೆಗೆ ಬಂದವ್ರಾ?" ಮೊದಲನೆಯವನು ಬಿಡಲಿಲ್ಲ. "ಮತ್ತೆ ರೋಮಿಂದು ಅಂತ ಗೊತ್ತಿದ್ದೂ ಇಲ್ಲಿಯೋರು ಯಾಕೆ ಇಸ್ಕೊಂಡ್ರು?" ಬೆಳ್ಳಿ ಅಂತ ಇನ್ನೊಬ್ಬಳು ಹೇಳಿದಳು. ಬೆಳ್ಳಿ ಎಲ್ಲಿದಾದರೂ ಬೆಳ್ಳಿಯೇ ತಾನೇ. ನಾನು ಏನೂ ಮಾತಾಡಲಿಲ್ಲ, ಬೆಲ್ ಹೊಡೆದರೂ ಮುಗಿಸಲಿಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಸರ್ ಬಾಗಿಲಲ್ಲಿ ನಿಂತು ಕೆಮ್ಮಿದರು.

ಸಣ್ಣಪುಟ್ಟ ವಿಷಯಗಳು ಇನ್ನೂ ಇವೆ. ಫೋನಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡಿ ಕೇಳಿದರೆ "ಅಂದ್ರೆ... ಅಂದ್ರೆ..." ಎಷ್ಟು ಸಲ ಬರುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ, ನಕ್ಕು ಬಿಡುತ್ತಾರೆ. ಚೀಟಿಯಲ್ಲಿ ವಾಕ್ಯ ಬರೆದುಕೊಳ್ಳಬೇಡಿ, ನಾಲ್ಕೈದು ಪದ ಮಾತ್ರ ಬರೆಯಿರಿ ಅನ್ನುತ್ತೇನೆ. ಪ್ರಶ್ನೆ ಕೇಳಿದ ತಕ್ಷಣ ಬಾಯಿ ತೆಗೆಯಬೇಡಿ, ಒಂದು ಉಸಿರು ತಗೊಳ್ಳಿ. ಯೂಟ್ಯೂಬ್ ನೋಡಿ ಕಲಿತದ್ದನ್ನು ಹೇಳುವಾಗ ಮಾತ್ರ ಹುಷಾರು, ಅಲ್ಲಿ ಬೇಕಾದ್ದಕ್ಕಿಂತ ಬೇಡದ್ದೇ ಜಾಸ್ತಿ.

ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು, "ನಂಗೆ ಓದಕ್ಕೆ ಬರಲ್ಲ ಮಿಸ್. ಮನೇಲಿ ನಾನೇನು ಕೇಳ್ಲಿ ಇವ್ಳನ್ನ?" ನಾನು ಹೇಳಿದೆ, "ಅವಳು ಹೇಳೋದು ಕೇಳ್ರಮ್ಮ. ನಿಮಗೆ ಎಲ್ಲಿ ಅರ್ಥ ಆಗ್ಲಿಲ್ವೋ ಅಲ್ಲಿ ತಡೀರಿ. ಅಷ್ಟೇ." ಅವರು ನಿಜಕ್ಕೂ ತಡೆದಿದ್ದಾರೆ. ರೊಟ್ಟಿ ಬಡಿಯುತ್ತಾ ಮಗಳಿಂದ ಸಹಾಯಕ ಸೈನ್ಯ ಪದ್ಧತಿ ಕೇಳಿಸಿಕೊಂಡು, "ದುಡ್ಡು ಕೊಡೋ ಬದ್ಲು ಊರು ಬರ್ಕೊಟ್ಟ ಅಂತೀಯಲ್ಲ, ಯಾವ್ ರಾಜ, ಯಾವ್ ಊರು? ಒಂದಾದ್ರೂ ಹೇಳು" ಅಂದಿದ್ದಾರೆ. ಹುಡುಗಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ನನ್ನ ಹತ್ತಿರ ಓಡಿ ಬಂದಳು.

ಉತ್ತರ ನಮ್ಮ ಪಕ್ಕದಲ್ಲೇ ಇದೆ. ಈ ಪದ್ಧತಿಗೆ ಮೊದಲು ಒಪ್ಪಿದವನು ಹೈದರಾಬಾದಿನ ನಿಜಾಮ. ಸೈನ್ಯದ ಖರ್ಚಿಗೆ ಅಂತ 1800ರಲ್ಲಿ ಅವನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಇತ್ತು. ಅದಕ್ಕೇ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, ಪಕ್ಕದ ನಮ್ಮ ದುರ್ಗ ಮೈಸೂರಿನಲ್ಲಿ ಉಳಿದದ್ದು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಆಗಲೂ ಮೊಳಕಾಲ್ಮೂರಿಗೆ ಅಂಟಿಕೊಂಡಿರುವ ರಾಯದುರ್ಗ ಆಂಧ್ರಕ್ಕೆ ಹೋಯಿತು.

ಹುಡುಗಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಅವಳ ತಾಯಿಯ ತವರು ಆಗಿನ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ಕಡೆ. "ಹಂಗಾದ್ರೆ ನಮ್ಮಜ್ಜಿ ಹುಟ್ಟಿದಾಗ ಅವ್ರೂರು ಮದ್ರಾಸಿಗೆ ಸೇರಿತ್ತಾ ಮಿಸ್?"

ಅಜ್ಜಿಗೆ ಎಷ್ಟು ವಯಸ್ಸು ಅಂತ ಮೊದಲು ಕೇಳಿಕೊಂಡು ಬಾ ಅಂದೆ.