ಆಕ್ಸಿಲರಿ ಫ್ಯಾನ್ ಬದಲಿಸುವ ಮೊದಲು ಪ್ಲಗ್ ನೋಡಿ

ಕಾರು ಓಡುವಾಗ ಎ.ಸಿ. ತಣ್ಣಗಿದ್ದು, ತಲಪಾಡಿ ಟೋಲಿನ ಸಾಲಲ್ಲಿ ನಿಂತ ಕೂಡಲೇ ಬೆಚ್ಚಗಿನ ಗಾಳಿ ಬರುತ್ತಿದ್ದರೆ ಗ್ಯಾಸ್ ತುಂಬಿಸಲು ಓಡಬೇಡಿ. ಎ.ಸಿ. ಗ್ಯಾಸನ್ನು ತಣಿಸುವ ಕಂಡೆನ್ಸರಿಗೆ ಗಾಳಿ ಕೊಡುವ ಆಕ್ಸಿಲರಿ ಫ್ಯಾನ್ ತಿರುಗುತ್ತಿದೆಯಾ ನೋಡಿ. ಗಾಡಿ ಓಡುವಾಗ ಎದುರುಗಾಳಿಯೇ ಅದರ ಕೆಲಸ ಮಾಡುತ್ತದೆ, ಹಾಗಾಗಿ ದೋಷ ಗೊತ್ತಾಗುವುದು ನಿಂತಾಗಲೇ. ಎ.ಸಿ. ಹಾಕಿ ಐದು ನಿಮಿಷ ಕಾಯಿರಿ. ಕೆಲವು ಗಾಡಿಗಳಲ್ಲಿ ಗ್ಯಾಸಿನ ಒತ್ತಡ ಏರಿದ ಮೇಲಷ್ಟೇ ಫ್ಯಾನ್ ಶುರುವಾಗುತ್ತದೆ.

ತಿರುಗದಿದ್ದರೆ ಮೊದಲು ಫ್ಯೂಸ್, ಹೆಚ್ಚಾಗಿ 30 ಅಥವಾ 40 ಆಂಪಿಯರಿನದು. ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದಿದ್ದರೆ ಅದಲುಬದಲು ಮಾಡಿ ನೋಡಿ. ಎರಡೂ ಸರಿಯಿದ್ದರೆ ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಫ್ಯಾನಿನ ಪ್ಲಗ್ ಕಳಚಿ. ನೆಗೆಟಿವ್ ಬಿಚ್ಚದೆ ಕೈ ಹಾಕಬೇಡಿ, ಕೀ ತೆಗೆದ ಮೇಲೂ ಕೆಲವು ಫ್ಯಾನ್‌ಗಳು ತಟ್ಟನೆ ತಿರುಗುತ್ತವೆ.

ಪ್ಲಗ್ಗಿನ ಒಳಗೆ ಟಾರ್ಚ್ ಹಾಕಿ ನೋಡಿ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ತಾಗಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಕರೆಂಟನ್ನು ತಡೆಯುತ್ತದೆ, ತಡೆದಲ್ಲಿ ಬಿಸಿಯೇರುತ್ತದೆ. ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿ, ಒಂದು ಮೂಲೆ ಮೇಣದ ಹಾಗೆ ಕರಗಿ ಪಿನ್ನಿಗೆ ಅಂಟಿರುತ್ತದೆ. ಇಂಥ ಪ್ಲಗ್ಗಿಗೆ ಹೊಸ ಫ್ಯಾನ್ ಸಿಕ್ಕಿಸಿದರೆ ಸ್ವಲ್ಪ ದಿನದಲ್ಲಿ ಅದೂ ನಿಲ್ಲುತ್ತದೆ. ಅಷ್ಟೇ ದಪ್ಪದ ವೈರ್ ಇರುವ ಹೊಸ ಪ್ಲಗ್ ಹಾಕಿ, ಬೆಸುಗೆ ಹಾಕಿ, ಬಿಸಿ ತಾಗಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ.

ಮೋಟರಿಗೆ 30 ಆಂಪಿಯರ್ ಫ್ಯೂಸ್ ಇರುವ ದಪ್ಪ ವೈರಿನಲ್ಲಿ ಬ್ಯಾಟರಿಯಿಂದಲೇ ಕರೆಂಟ್ ಕೊಡಿ. ತಿರುಗಿದರೆ ಮೋಟರ್ ಸರಿಯಿದೆ, ಹಣ ಉಳಿಯಿತು. ಹೈ ಸ್ಪೀಡ್ ಮಾತ್ರ ಇದ್ದು ಲೋ ಸ್ಪೀಡ್ ಇಲ್ಲದಿದ್ದರೆ ಕರೆಂಟ್ ತಗ್ಗಿಸಿ ವೇಗ ಇಳಿಸುವ ರೆಸಿಸ್ಟರ್ ನೋಡಿ. ಕೈಯಲ್ಲಿ ತಿರುಗಿಸುವಾಗ ಕರಕರ ಎಂದರೆ, ಶಾಫ್ಟ್ ಅಲ್ಲಾಡಿದರೆ ಬದಲಿಸಲೇಬೇಕು.

ಬಿಚ್ಚುವುದು ಕಷ್ಟವಲ್ಲ, ಹೆಚ್ಚಿನವಕ್ಕೆ 10 ಎಂ.ಎಂ. ಸ್ಪ್ಯಾನರ್ ಸಾಕು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಸ್ಪ್ರೇ ಮಾಡಿ ಅರ್ಧ ಗಂಟೆ ಬಿಡಿ. ರೇಡಿಯೇಟರಿಗೆ ಅಡ್ಡವಾಗಿ ರಟ್ಟು ಇಳಿಸಿ, ಅದರ ಅಲ್ಯುಮಿನಿಯಂ ಎಸಳು ಉಗುರು ತಾಗಿದರೂ ಮಡಚುತ್ತದೆ. ಎ.ಸಿ. ಪೈಪ್ ಮಾತ್ರ ಸಡಿಲಿಸಲೇಬೇಡಿ. ರೇಡಿಯೇಟರಿನ ಹೋಸ್ ಕಳಚಬೇಕಾಗಿ ಬಂದರೆ ಎಂಜಿನ್ ತಣಿಸುವ ದ್ರವವಾದ ಕೂಲಂಟನ್ನು ಬಾಲ್ದಿಯಲ್ಲಿ ಹಿಡಿದು ಮುಚ್ಚಿಡಿ. ಅದು ಸಿಹಿಯಾದ ವಿಷ, ನಾಯಿ, ದನ ನೆಕ್ಕಿದರೆ ಸಾಯುತ್ತವೆ.

ಹೊಸದನ್ನು ಕೂರಿಸಿದ ಮೇಲೆ ಬಂಪರಿನ ಮುಂದೆ ಒಂದು ಕಾಗದ ಹಿಡಿಯಿರಿ. ಫ್ಯಾನ್ ಮುಂದಿರಲಿ, ಹಿಂದಿರಲಿ, ಕಾಗದ ಒಳಕ್ಕೆ ಎಳೆಯಬೇಕು. ಹೊರಕ್ಕೆ ಹಾರಿದರೆ ವೈರ್ ಅದಲುಬದಲಾಗಿದೆ. ಎ.ಸಿ. ಹಾಕಿ ನಿಂತಲ್ಲೇ ಹದಿನೈದು ನಿಮಿಷ ಓಡಿಸಿ, ಬಂದ್ ಮಾಡಿ, ನೆಗೆಟಿವ್ ಬಿಚ್ಚಿ ಪ್ಲಗ್ ಮುಟ್ಟಿ. ಬೆಚ್ಚಗಿರಬಹುದು, ಬೆರಳಿಡಲಾಗದಷ್ಟು ಸುಟ್ಟರೆ ಪಿನ್ ಇನ್ನೂ ಸಡಿಲವಿದೆ.