ಕುಬುಸದ ಮನೆಯಲ್ಲಿ ಹರಿದ ಕುಬುಸ

ಸೋದರತ್ತೆ ಮಗಳ ಕುಬುಸದ ಕಾರ್ಯ, ಅಂದ್ರೆ ಸೀಮಂತ, ಬಾಗಲಕೋಟೆ ನವನಗರದಲ್ಲಿ. ನಾನು ಇಳಕಲ್ಲಿನಿಂದ ಬಸ್ಸು ಹತ್ತಿದ್ದೆ. ಟೋಪತೆನಿ ಸೆರಗಿನ ಸೀರೆ, ಗುಳೇದಗುಡ್ಡದ ಖಣದ ಹೊಸ ಕುಬುಸ. ಅಮೀನಗಡದಲ್ಲಿ ಜನ ನುಗ್ಗಿದರು. ಒಬ್ಬ ಅಜ್ಜಿಗೆ ಸೀಟು ಬಿಟ್ಟು ಮೇಲಿನ ಕಂಬಿ ಹಿಡಿದೆ. ಬಲಗಂಕುಳಲ್ಲಿ ಟರ್ ಅಂತು. ಮೆಲ್ಲಗೆ ಮುಟ್ಟಿ ನೋಡಿದೆ. ನಾಲ್ಕು ಬೆರಳಷ್ಟು ಹೊಲಿಗೆ ಬಿಟ್ಟಿತ್ತು.

ನಾನು ಮೊದಲೇ ಅಂಜುಬುರುಕಿ. ಯಾರಿಗಾದರೂ ಫೋನ್ ಮಾಡಬೇಕಂದ್ರೆ ಮಾತನ್ನು ಬಾಯಿಪಾಠ ಮಾಡಿಕೊಳ್ಳುವವಳು. ಇನ್ನು ಈ ಹರಕು ಬೇರೆ!

ಮೇ ತಿಂಗಳ ಬಿಸಿಲಲ್ಲೂ ಸೆರಗು ಎರಡೂ ಹೆಗಲಿಗೆ ಹೊದ್ದು, ಮೂಲೆಯಲ್ಲಿ ಬಟ್ಟೆ ಮುಚ್ಚಿದ್ದ ಯಾವುದೋ ಮೇಜಿಗೆ ಒರಗಿ ಕೂತೆ. ಹಸಿರು ಬಳೆ ತೊಡಿಸಿದರು, ಉಡಿ ತುಂಬಿದರು. "ಬಾರವ್ವಾ, ಆರತಿ ಹಿಡಿ" ಅಂತ ಕರೆದರು. ಆರತಿ ಅಂದ್ರೆ ಕೈ ಎತ್ತಬೇಕು ಅಲ್ವಾ? ತಲೆನೋವು ಅಂದೆ. ಹೋಳಿಗೆ ಬಡಿಸಲು ಕರೆದಾಗಲೂ ಅದೇ ತಲೆನೋವು. ಬಾಗಿಲ ಹತ್ತಿರ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು. ನನ್ನ ಕಂಕುಳು ನೋಡಿಯೇ ನಕ್ಕಿದ್ದು, ಸಂಶಯವೇ ಇರಲಿಲ್ಲ. ಕಟ್ಟಿನ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಎಲ್ಲೋ ಓದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದ್ದರು. ಹಾಕಿಕೊಳ್ಳೋಕೆ ನಾಚಿಕೆಯಾಗುವಂಥ, ಒಬ್ಬ ಗಾಯಕನ ಮುಖವಿದ್ದ ಟೀ ಶರ್ಟು ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಅಂತ ತೊಟ್ಟವರ ಅಂದಾಜು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ. ಇದಕ್ಕೆ ಸ್ಪಾಟ್‌ಲೈಟ್ ಎಫೆಕ್ಟ್ ಅಂತಾರೆ. ಓದಿ ಸಮಾಧಾನವಾಯಿತು. ಆದರೆ ಆ ಶರ್ಟನ್ನು ಯಾರಾದರೂ ನನ್ನಂಗೆ ಸೆರಗು ಹೊದ್ದು ಮುಚ್ಚಿಕೊಂಡಿದ್ದರೆ? ಆಗ ಎಷ್ಟು ಜನ ನೋಡುತ್ತಿದ್ದರೋ!

ಯಾಕಂದ್ರೆ ವಾರದ ಮೇಲೆ ಅತ್ತೆ ಫೋನ್ ಮಾಡಿದ್ದರು. "ಯಾಕವ್ವಾ, ನೌಕರಿ ಹಿಡಿದ ಮ್ಯಾಲ ಸೊಕ್ಕ ಬಂತೇನು? ಆರತಿ ಹಿಡೀಲಿಲ್ಲ, ಒಂದ ಹೋಳಿಗಿ ನೀಡಲಿಲ್ಲ. ಮಂದಿ ಎಲ್ಲಾ ಕೇಳಿದ್ರು."

ಕಂಕುಳಿನ ಯಾರಿಗೂ ಕಾಣದ ಹರಕು ಮುಚ್ಚಲು ಹೋಗಿ ಊರಿಗೆಲ್ಲ ಕಾಣುವ ಸೊಕ್ಕು ತಂದುಕೊಂಡಿದ್ದೆ. ಅಳು ಬಂದಂಗಾಯಿತು. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅತ್ತೆ ಒಂದು ಕ್ಷಣ ಸುಮ್ಮನಾದರು, ಆಮೇಲೆ ಫೋನ್ ಹರಿಯುವ ಹಂಗೆ ನಕ್ಕರು.

"ಅಯ್ಯ ಹುಚ್ಚವ್ವಾ, ನೀ ಒರಗಿ ಕುಂತಿದ್ದಿ ನೋಡು, ಅದ ಹೊಲಿಗಿ ಮಷೀನ!"